ತಾರಾಬಾಯಿ ಕಾರಿಗೆ ಹಾಡು ಹಾಕಿಸಿದ್ದು

ತಾರಾಬಾಯಿಯ ಬಿಳಿ ಮಾರುತಿ ಕಾರಿನಲ್ಲಿ ಒಂದು ಕಟ್ಟಳೆ ಇತ್ತು. ಅದನ್ನು ಯಾರೂ ಬರೆದು ಹಚ್ಚಿರಲಿಲ್ಲ, ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಕ್ಯಾಸೆಟ್ಟು ತಿರುಗುತ್ತಿರುವಾಗ ಯಾರಾದರೂ ಮಾತು ತೆಗೆದರೆ ಅವಳ ಎಡಗೈ ಗೇರಿನ ಮೇಲಿಂದ ತಾನಾಗಿಯೇ ಒಂದು ಗೇಣು ಮೇಲೇಳುತ್ತಿತ್ತು. ತಡೆಯಿರಿ ಎಂದು ಅದರ ಅರ್ಥ. ತಬಲೆಯ ತಾಳ ಒಂದು ಸುತ್ತು ಹಾಕಿ ಮತ್ತೆ ಮೊದಲ ಮಾತ್ರೆಗೆ ಬಂದು ಬೀಳುವುದಕ್ಕೆ ಸಮ್ ಎನ್ನುತ್ತಾರಲ್ಲ, ಆ ಸಮ್ ಬಂದ ಮೇಲೆ ಕೈ ಇಳಿಯುತ್ತಿತ್ತು. "ಹಾಂ, ಈಗ ಹೇಳ್ರಿ" ಎನ್ನುತ್ತಿದ್ದಳು. ಅಷ್ಟರಲ್ಲಿ ಹೇಳುವವರಿಗೆ ಹೇಳುವುದು ಮರೆತಿರುತ್ತಿತ್ತು, ಇಲ್ಲವೇ ಹೇಳುವ ಹುರುಪು ಆರಿ ಹೋಗಿರುತ್ತಿತ್ತು.

ಈ ಅಭ್ಯಾಸ ಅವಳಿಗೆ ಮನೆಯಿಂದ ಬಂದದ್ದು. ಅವಳ ತಂದೆ ದತ್ತು ಮಾಸ್ತರರು ಧಾರವಾಡದ ಮಾಳಮಡ್ಡಿಯಲ್ಲಿ ಹಾಡುಗಾರಿಕೆ ಕಲಿಸುತ್ತಿದ್ದರು. ಎರಡು ಕೋಣೆಯ ಬಾಡಿಗೆ ಮನೆ, ಒಂದು ಜಮಖಾನೆ, ಒಂದು ತಂಬೂರಿ. ಪಾಠ ನಡೆದಾಗ ಅಡಿಗೆಮನೆಯಲ್ಲಿ ಒಂದು ಚಮಚ ಬಿದ್ದರೂ ಮಾಸ್ತರರ ಕೈ ಮೇಲೇಳುತ್ತಿತ್ತು. ಹಾಲಿನವನು ಬಂದರೆ ಅವನೂ ಸಮ್ ಬರುವ ತನಕ ಹೊರಗೇ ನಿಲ್ಲಬೇಕು. ಹಾಗೆ ನಿಂತು ನಿಂತು ಅವನೇ ಹದಿನಾರು ಮಾತ್ರೆಯ ತೀನತಾಲ ಕಲಿತುಬಿಟ್ಟ ಎಂದು ಓಣಿಯವರು ನಗುತ್ತಿದ್ದರು. ಮಾಸ್ತರರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಗಳ ಲಗ್ನ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ದೊಡ್ಡ ಕತೆಯೇನೂ ಇಲ್ಲ, ಈ ವರ್ಷ ಮುಂದಿನ ವರ್ಷ ಎನ್ನುತ್ತ ದಿನ ಹೋದವು ಅಷ್ಟೆ.

ಹುಬ್ಬಳ್ಳಿಯ ಒಂದು ವಿಮಾ ಕಚೇರಿಯಲ್ಲಿ ಅವಳಿಗೆ ನೌಕರಿ. ಐವತ್ತೈದನೆಯ ವರ್ಷಕ್ಕೆ ಮೊಳಕಾಲು ಬಸ್ಸಿನ ಮೆಟ್ಟಿಲು ಹತ್ತಲಾರೆ ಎಂದು ಹಟ ಹಿಡಿದಾಗ ಅವಳು ಕಾರು ಓಡಿಸಲು ಕಲಿತು, ಒಂದು ಹಳೆಯ ಮಾರುತಿ ಕೊಂಡಳು. ಅದೇ ಕಚೇರಿಯ ಮೂವರು ಜೊತೆಗೆ ಬರತೊಡಗಿದರು. ಹೊಸಯಲ್ಲಾಪುರದಿಂದ ಚನ್ನಬಸವ್ವ, ಅವಳು ಕಚೇರಿಯ ಅಟೆಂಡರ್. ಜ್ಯುಬಿಲಿ ಸರ್ಕಲ್ಲಿನಲ್ಲಿ ಲಕ್ಷ್ಮೀ, ಎರಡು ಮಕ್ಕಳ ತಾಯಿ, ಕ್ಲಾರ್ಕು. ಟೋಲ್ ನಾಕಾದಲ್ಲಿ ಚಿನ್ಮಯೀ, ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಪೆಟ್ರೋಲು ನಾಲ್ಕು ಪಾಲು. ಹೋಗುವಾಗ ನಲವತ್ತು ನಿಮಿಷ, ಬರುವಾಗ ನಲವತ್ತು ನಿಮಿಷ. ತಾರಾಬಾಯಿಗೆ ದಿನದಲ್ಲಿ ಮನುಷ್ಯರ ಮಾತು ಕಿವಿಗೆ ಬೀಳುತ್ತಿದ್ದುದು ಹೆಚ್ಚಾಗಿ ಆ ಎಂಬತ್ತು ನಿಮಿಷ. ಕಚೇರಿಯಲ್ಲಿ ಎಲ್ಲ ಪಾಲಿಸಿಯ ನಂಬರಿನ ಮಾತು. ಮನೆಯಲ್ಲಿ ಕುಕ್ಕರಿನ ಸೀಟಿ.

ಎರಡು ಸಾವಿರದ ಮೂರನೆಯ ಇಸವಿಯ ಶ್ರಾವಣದಲ್ಲಿ ಕಚೇರಿಗೆ ರೋಹಿತ ಎಂಬ ಹೊಸ ಅಧಿಕಾರಿ ಬಂದ. ಧಾರವಾಡದವನೇ. ಹೊಸ ಸ್ಯಾಂಟ್ರೋ ಕಾರು, ಹಿಂದೆ ಡಿಕ್ಕಿಯ ತುಂಬ ಹಾಡಿನ ಸಾಮಾನು. ಮೊದಲು ಚಿನ್ಮಯೀ ಒಂದು ಸಂಜೆ ಅವನ ಗಾಡಿಯಲ್ಲಿ ಹೋದಳು, ಡ್ರೈವಿಂಗ್ ಕ್ಲಾಸಿಗೆ ಹೊತ್ತಾಯಿತು ಎಂದು. ಮುಂದಿನ ವಾರ ಲಕ್ಷ್ಮೀ ಹೋದಳು. ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಚನ್ನಬಸವ್ವನೂ ಒಂದು ದಿನ ಟಿಫಿನ್ ಹೊತ್ತಿಗೆ ಬಂದು ಸೆರಗಿನ ಚುಂಗು ತಿರುವುತ್ತ ನಿಂತಳು.

"ಬಾಯಾರ, ನಾಳಿಯಿಂದ ನಾ ರೋಹಿತ ಸಾಹೇಬರ ಗಾಡ್ಯಾಗ ಬರ್ತೇನ್ರಿ. ಸಿಟ್ಟಾಗಬ್ಯಾಡ್ರಿ."

"ಸಿಟ್ಟು ಯಾಕ ಚನ್ನಬಸವ್ವ? ನನ್ನ ಗಾಡ್ಯಾಗ ಏನು ತ್ರಾಸಾತು?"

"ತ್ರಾಸ ಏನಿಲ್ರಿ. ಅವರ ಗಾಡ್ಯಾಗ ಹಾಡ ಇರ್ತಾವ."

"ನನ್ನ ಗಾಡ್ಯಾಗೂ ಹಾಡು ಇರ್ತಾವಲ್ಲ."

"ಅವು ಬ್ಯಾರೆ ಬಿಡ್ರಿ. ಅವರದು ಹಚ್ಚಿದ್ರ ಎದಿಯೊಳಗ ದಡದಡ ಅಂತೈತಿ. ಡಿಕ್ಕ್ಯಾಗ ಅದೇನೋ ಸಬ್‌ವೂಫರ್ ಅಂತ ಐತಂತ. ಹುಡುಗ್ಯಾರಿಗೆ ಅದ ಸೇರ್ತೈತಿ."

ತಾರಾಬಾಯಿ ಆ ಮಾತನ್ನು ಹಾಗೆಯೇ ನಂಬಿದಳು. ಹೋದದ್ದು ಯಾಕೆಂದು ಕೇಳಿದರೆ ಇದಕ್ಕೆ ಎಂದು ಹೇಳಿದ್ದಾರೆ, ಅದನ್ನು ನಂಬದೆ ಇನ್ನೇನು ಮಾಡುವುದು. ಮರುದಿನದಿಂದ ಅವಳು ಒಬ್ಬಳೇ ಹೊರಟಳು. ಜ್ಯುಬಿಲಿ ಸರ್ಕಲ್ಲಿನಲ್ಲಿ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು, ಹಿಂದಿನವರು ಹಾರ್ನ್ ಬಾರಿಸುತ್ತಿದ್ದರು. ಒಂದು ದಿನ ನವನಗರದ ಹತ್ತಿರ ಸ್ಯಾಂಟ್ರೋ ಅವಳನ್ನು ದಾಟಿ ಹೋಯಿತು. ಹಾಡು ಕೇಳಿಸಲಿಲ್ಲ, ದುಂ ದುಂ ಎಂಬ ಗುದ್ದು ಮಾತ್ರ ಅವಳ ಕಿಟಕಿಯ ಗಾಜಿಗೆ ಬಂದು ತಾಗಿತು. ಒಳಗೆ ಲಕ್ಷ್ಮೀ ಕೈ ತಿರುಗಿಸುತ್ತ ಏನೋ ಹೇಳುತ್ತಿದ್ದಳು. ಚನ್ನಬಸವ್ವ ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದಳು.

ಏನು ಹೇಳುತ್ತಿದ್ದಾಳೆ ಎಂದು ತಿಳಿದುಕೊಳ್ಳುವ ಆಸೆ ತಾರಾಬಾಯಿಗೆ ಎಷ್ಟಾಯಿತೆಂದರೆ, ಅವಳು ಆ ಗಾಡಿಯ ಬೆನ್ನು ಹತ್ತಿ ಉಣಕಲ್ಲಿನ ತನಕ ಜೋರಾಗಿ ಹೊಡೆದಳು. ಹತ್ತಿರ ಹೋದರೂ ಮಾತು ಕೇಳುವುದಿಲ್ಲವೆಂದು ಹೊಳೆದದ್ದು ಆಮೇಲೆ.

ನಿವೃತ್ತಿಗೆ ಇನ್ನೂ ಮೂರು ವರ್ಷ. ಮೂರು ವರ್ಷ ಹೀಗೆ ಖಾಲಿ ಗಾಡಿ ಹೊಡೆಯಬೇಕೆ? ದಡದಡ ಎನ್ನುವ ಸಾಮಾನು ಬೇಕೆಂದರೆ ತಂದು ಇಟ್ಟರಾಯಿತು. ಅವರು ಮೂವರೂ ತಿರುಗಿ ಬರಬೇಕು, ಅವಳಿಗೆ ಬೇಕಾದದ್ದು ಅಷ್ಟೆ. ಎಲ್ಲ ಕೂಡಿ ದೀಪಾವಳಿಯ ಬೋನಸ್ಸಿನೊಳಗೆ ಮುಗಿಯಬೇಕು ಎಂದೂ ಅವಳು ನಿಶ್ಚಯಿಸಿಕೊಂಡಳು.

ಮೊದಲು ಹೋದದ್ದು ಹುಬ್ಬಳ್ಳಿಯ ಪೇಟೆ ದುರ್ಗದಬೈಲಿಗೆ. ಅಲ್ಲಿ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಆಂಪ್ಲಿಫೈಯರುಗಳನ್ನು ಸೀರೆ ಅಂಗಡಿಯ ಹಾಗೆ ದೀಪ ಹಾಕಿ ಇಟ್ಟಿದ್ದರು. ಆಂಪ್ಲಿಫೈಯರ್ ಎಂದರೆ ಹಲ್ಲು ಹಲ್ಲಾದ ಅಲ್ಯುಮಿನಿಯಮ್ ಡಬ್ಬಿ. ಕ್ಯಾಸೆಟ್ಟಿನಿಂದ ಬಂದ ಸಣ್ಣ ದನಿಗೆ ಶಕ್ತಿ ತುಂಬುವುದು ಅದು, ಆ ಶಕ್ತಿಯಿಂದ ದಪ್ಪ ದನಿಯನ್ನು ನುಡಿಸುವುದು ಸಬ್‌ವೂಫರ್ ಎಂಬ ದೊಡ್ಡ ಸ್ಪೀಕರು. ಇಷ್ಟನ್ನು ಅವಳು ಅಲ್ಲಿ ನಿಂತು ಕೇಳಿ ತಿಳಿದುಕೊಂಡು ಒಂದು ಚೀಟಿಯಲ್ಲಿ ಬರೆದುಕೊಂಡಳು.

"ಮಗನ ಗಾಡಿಗೇನ್ರಿ ಬಾಯಾರ?" ಎಂದ ಅಂಗಡಿಯವನು.

"ನನ್ನ ಗಾಡಿಗೆ."

ಅವನು ಅವಳ ನರೆಗೂದಲು, ನೂಲಿನ ಸೀರೆ, ಕೈಯಲ್ಲಿನ ಚೀಟಿ ಮೂರನ್ನೂ ನೋಡಿದ. ಅಂಗೈಯಗಲದ ಒಂದು ಡಬ್ಬಿ ತೆಗೆದು ಮುಂದಿಟ್ಟ. "ಇದನ್ನ ಒಯ್ಯರಿ. ಸಾವಿರ ವ್ಯಾಟ್ ಐತಿ. ನಿಮ್ಮ ಓಣಿ ಓಣಿನ ಎದ್ದು ಕುಂದರತೈತಿ."

"ಸಾವಿರ ವ್ಯಾಟು ಅಂದ್ರ ನಮ್ಮ ಮನಿ ಇಸ್ತ್ರಿ ಪೆಟಿಗಿ ಇದ್ದಂಗ ಆತು. ಅದು ಹಚ್ಚಿದ್ರ ಮನಿ ದೀಪ ಮಂಕಾಗ್ತಾವ. ಇಷ್ಟ ಸಣ್ಣ ವೈರಿನ್ಯಾಗ ಅಷ್ಟು ಹೆಂಗ ಹರೀತದ?"

ಅಂಗಡಿಯವನು ಡಬ್ಬಿಯನ್ನು ತಿರುಗಿ ಕಪಾಟಿನಲ್ಲಿಟ್ಟ. "ನೀವು ಸಾಲಿ ಟೀಚರ್ ಏನ್ರಿ?" ಎಂದು ಕೇಳಿ, ಬೇರೆ ಗಿರಾಕಿಯ ಕಡೆಗೆ ತಿರುಗಿದ. ಪಕ್ಕದಲ್ಲಿ ನಿಂತಿದ್ದ ಒಬ್ಬ ಲಾರಿ ಡ್ರೈವರು, "ಗಬ್ಬೂರ ಬೈಪಾಸಿಗೆ ಹೋಗ್ರಿ ಅವ್ವಾರ, ಶಹಜಹಾನಬೇಗಂ ಅಂತ ಅದಾರ. ಸೀಟ್ ಹೊಲೀತಾರ, ಸೌಂಡೂ ಕೂಡಸ್ತಾರ. ಅಕಿ ಸುಳ್ಳ ಹೇಳಂಗಿಲ್ಲ" ಎಂದ.

ರವಿವಾರ ತಾರಾಬಾಯಿ ಹುಬ್ಬಳ್ಳಿಯಾಚೆಯ ಗಬ್ಬೂರಿಗೆ ಹೊರಟಳು. ಪರ್ಸಿನಲ್ಲಿ ತಂದೆ ಹಾಡಿದ ಕ್ಯಾಸೆಟ್ಟು ಇಟ್ಟುಕೊಂಡಳು. ಹೊಸ ಸಾಮಾನನ್ನು ನುಡಿಸಿ ನೋಡಿಯೇ ತೆಗೆದುಕೊಳ್ಳಬೇಕು ಎಂದುಕೊಂಡಾಗ ಅವಳಿಗೆ ನೆನಪಾದದ್ದು ತಂಬೂರಿ. ಆ ಕ್ಯಾಸೆಟ್ಟಿನ ಮೊದಲ ನಾಲ್ಕು ನಿಮಿಷ ಬರೀ ತಂಬೂರಿ, ಆಮೇಲೆ ಮಾಸ್ತರರ ಹಾಡು, ಒಬ್ಬ ಶಿಷ್ಯನ ತಬಲೆ. ತಂಬೂರಿಯ ಕೊನೆಯ ತಂತಿ, ದಪ್ಪ ದನಿಯ ಆ ಖರ್ಜದ ತಂತಿ, ಯಾವ ಪೆಟ್ಟಿಗೆಯಲ್ಲಿ ಖರೆ ನುಡಿಯುತ್ತದೋ ಅದೇ ಒಳ್ಳೆಯ ಪೆಟ್ಟಿಗೆ. ಕುಣಿತದ ಹಾಡಿಗೆ ಬೇಕಾದ ಸಾಮಾನನ್ನು ತಂಬೂರಿಯಿಂದ ಪರೀಕ್ಷೆ ಮಾಡಲು ಹೊರಟದ್ದು ಅವಳಿಗೆ ವಿಚಿತ್ರವೆನಿಸಲಿಲ್ಲ. ಮಾಳಮಡ್ಡಿಯಲ್ಲಿ ಯಾರಿಗೂ ಅನಿಸುತ್ತಿರಲಿಲ್ಲ.

ಬೈಪಾಸಿನ ಬದಿಗೆ ತಗಡಿನ ಶೆಡ್ಡು. ಹೊರಗೆ ಒಂದು ಲಾರಿ ನಿಂತಿತ್ತು, ಅದರ ಕೆಳಗಿಂದ ಎರಡು ಪಾದ ಮಾತ್ರ ಕಾಣುತ್ತಿದ್ದವು. ಒಳಗೆ ಹೊಲಿಗೆ ಮಷಿನ್ನಿನ ಮುಂದೆ ಐವತ್ತರ ಆಸುಪಾಸಿನ ಹೆಂಗಸು ಕೆಂಪು ರೆಕ್ಸಿನ್ ಹೊಲಿಯುತ್ತಿದ್ದಳು.

"ಬರ್ರಿ ಬಾಯಾರ, ಕುಂದರ್ರಿ. ಸೀಟ್ ಕವರೇನ್ರಿ?"

"ಇಲ್ಲರಿ, ಸಬ್‌ವೂಫರ್."

ಮಷಿನ್ನು ನಿಂತಿತು. ಶಹಜಹಾನಬೇಗಂ ಕನ್ನಡಕದ ಮೇಲಿಂದ ನೋಡಿ, ಲಾರಿಯ ಕಡೆಗೆ ಕೂಗಿದಳು. "ಕೇಳಿದ್ರೇನು? ಬಾಯಾರಿಗೆ ಸಬ್‌ವೂಫರ್ ಬೇಕಂತ." ಪಾದಗಳು ಒಂದಿಷ್ಟು ಅಲ್ಲಾಡಿದವು. "ನಮ್ಮ ಮನಿಯವರು" ಎಂದಳು. "ಗಾಡಿ ಬುಡಕ ಇದ್ರನ ಅವರಿಗೆ ಆರಾಮ. ಹೊರಗ ಬಂದ್ರ ನಾ ಮಾತಾಡ್ತೇನಲ್ಲ."

ತಾರಾಬಾಯಿ ಚೀಟಿ ತೆಗೆದಳು. ಸಾವಿರ ವ್ಯಾಟಿನ ಮಾತು ಹೇಳಿದಳು. ಬೇಗಂ ನಗಲಿಲ್ಲ. ಹೊರಗೆ ಹೋಗಿ ಮಾರುತಿಯೊಳಗೆ ಒಮ್ಮೆ ಇಣುಕಿ ಬಂದು, ಎರಡು ಡಬ್ಬಿ ತಂದು ತಿರುವಿ ಹಿಂಬದಿ ತೋರಿಸಿದಳು.

"ಮುಂದ ದೊಡ್ಡ ಅಕ್ಷರದಾಗ ಬರದಿರ್ತಾರಲ್ಲ, ಅದು ಒಂದ ಗಳಿಗಿ ಚೀರಿದಾಗಿನ ವ್ಯಾಟ್. ಹಿಂದ ಇಲ್ಲಿ ಇರಿವಿ ಅಕ್ಷರದಾಗ ಆರ್ ಎಂ ಎಸ್ ಅಂತೈತಿ ನೋಡ್ರಿ, ಅದು ದಿನಾ ದುಡಿಯೂ ವ್ಯಾಟ್. ಲಗ್ನದಾಗ ಒಂದ ದಿನ ಕುಣಿಯೋದು ಬ್ಯಾರೆ, ದಿನಾ ಬಾವಿ ನೀರ ಹೊರೂದು ಬ್ಯಾರೆ. ಸಾವಿರ ಅಂದವರದು ಹೊರೂದು ಐವತ್ತು. ಇದು ನೋಡ್ರಿ, ಬಡಾಯಿ ಇಲ್ಲ, ಐವತ್ತು ಐವತ್ತರ ಎರಡು ದಾರಿ. ಎರಡೂ ಕೂಡಿಸಿ ಒಂದ ಸ್ಪೀಕರಿಗೆ ಕೊಟ್ರ ಎರಡು ಎತ್ತು ಒಂದ ನೊಗಕ್ಕ ಕಟ್ಟಿದಂಗ. ನಿಮ್ಮ ಕ್ಯಾಸೆಟ್ ಡೆಕ್ ಹಳೇದು, ಹಿಂದ ಆಂಪ್ಲಿಫೈಯರಿಗೆ ಲೈನ್ ತಗೊಳ್ಳೂ ತೂತಿಲ್ಲ. ಇದಕ್ಕ ಸ್ಪೀಕರ್ ವೈರನ್ನ ಹಚ್ಚಬಹುದು. ಡೆಕ್ ಬದಲಿ ಮಾಡೂ ಖರ್ಚು ಉಳೀತು."

"ಮತ್ತ ಸಬ್‌ವೂಫರ್?"

"ಅದರದೂ ಇಷ್ಟ. ಆಂಪ್ಲಿಫೈಯರ್ ಎಷ್ಟು ಕೊಡ್ತೈತಿ ಅಷ್ಟ ತಗೊಳ್ಳೂವಂಥಾದ್ದು ಇರಬೇಕು. ಒಂದು ಮಾತು ನೆನಪ ಇಡ್ರಿ, ಬ್ಯಾಟರಿಯಿಂದ ಬರೂ ವೈರು ದಪ್ಪಂದು ಇರಬೇಕು, ಬ್ಯಾಟರಿ ಕಡೆ ಫ್ಯೂಜ್ ಇರಬೇಕು. ಅಲ್ಲಿ ರೊಕ್ಕ ಉಳಿಸಿದವರು ಗಾಡಿ ಸುಟಗೊಂಡಾರ."

ತಾರಾಬಾಯಿ ಎಲ್ಲ ಬರೆದುಕೊಂಡಳು. ಬೇಗಂ ಹನ್ನೆರಡು ಇಂಚಿನ ದೊಡ್ಡ ಪೆಟ್ಟಿಗೆ ಎಳೆದು ತಂದಳು, ಅದಕ್ಕೆ ಮುಂದೆ ಮುಷ್ಟಿ ಹೋಗುವಷ್ಟು ತೂತು. ಅದರ ಪಕ್ಕಕ್ಕೆ ಎಂಟು ಇಂಚಿನದು, ಸುತ್ತಲೂ ಮುಚ್ಚಿದ್ದು.

"ಇದು ಎದಿ ಅಲ್ಲಾಡಸ್ತೈತಿ, ಖರೆ" ಎಂದಳು ದೊಡ್ಡದರ ಮೇಲೆ ಕೈಯಿಟ್ಟು. "ಆದ್ರ ನಿಮ್ಮ ಡಿಕ್ಕ್ಯಾಗ ಇದನ್ನ ಇಟ್ರ ಒಂದು ಕಾಯಿಪಲ್ಲೆ ಚೀಲ ಹಿಡಿಯಂಗಿಲ್ಲ. ಆಮ್ಯಾಲೆ ಮಾರುತಿ ಗಾಡಿ, ಕತ್ತಲಾದ್ರ ಹೆಡ್‌ಲೈಟು ಹಾಡಿನ ಜೋಡಿ ಮಿಣಮಿಣ ಅಂತಾವ."

"ಎದಿ ಅಲ್ಲಾಡಬೇಕರಿ. ಅವರಿಗೆ ಅದ ಬೇಕಾಗೇದ."

"ಯಾರಿಗೆ?"

ತಾರಾಬಾಯಿ ಹೇಳಿದಳು. ಮೂವರ ಹೆಸರು, ಮೂವರು ಹತ್ತುವ ಜಾಗ, ಸ್ಯಾಂಟ್ರೋ, ದಡದಡ. ಹೇಳುತ್ತ ಹೋದಂತೆ ತಾನು ಇಷ್ಟು ಉದ್ದದ ಮಾತು ಎಷ್ಟೋ ದಿನಗಳಿಂದ ಆಡಿಲ್ಲವೆಂದು ಅವಳಿಗೇ ಸಂಕೋಚವಾಯಿತು. ಬೇಗಂ ಕೈಯಲ್ಲಿ ರೆಕ್ಸಿನ್ ಹಿಡಿದುಕೊಂಡೇ ಕೇಳಿದಳು, ನಡುವೆ ಒಂದು ಮಾತು ಹಾಕಲಿಲ್ಲ.

"ಕ್ಯಾಸೆಟ್ ಕೊಡ್ರಿ, ಎರಡರಾಗೂ ಹಚ್ಚಿ ತೋರಸ್ತೇನಿ" ಎಂದಳು ಕೊನೆಗೆ.

ದೊಡ್ಡ ಪೆಟ್ಟಿಗೆಯಲ್ಲಿ ತಂಬೂರಿ ತಂಬೂರಿಯಾಗಿ ಉಳಿಯಲಿಲ್ಲ. ನಾಲ್ಕು ತಂತಿಯೂ ಕೂಡಿ ಹಿಟ್ಟಿನ ಗಿರಣಿಯ ಹಾಗೆ ಬುರ್ರೆಂದವು. ಶೆಡ್ಡಿನ ತಗಡು ನಡುಗಿತು. ಲಾರಿಯ ಕೆಳಗಿನ ಪಾದಗಳು ಒಳಗೆ ಸರಿದವು. ತಾರಾಬಾಯಿ ಮುಖ ಕಿವುಚಿಕೊಂಡಳು.

"ಎದಿ ಅಲ್ಲಾಡಿತೇನ್ರಿ?"

"ಅಲ್ಲಾಡಿತು" ಎಂದಳು ತಾರಾಬಾಯಿ, ಪಾಪ, ಸುಳ್ಳು ಹೇಳುವ ಹುಡುಗಿಯ ಹಾಗೆ. "ಇದನ್ನ ಕೊಡ್ರಿ."

"ತಡೀರಿ. ಸಣ್ಣದೂ ಕೇಳ್ರಿ."

ಎಂಟಿಂಚಿನದರಲ್ಲಿ ಖರ್ಜದ ತಂತಿ ಬಂತು. ಬಂದು, ತುಂಬಿ, ಒಂದು ಸುತ್ತು ನಿಂತು, ಮುಂದಿನ ತಂತಿಗೆ ಜಾಗ ಬಿಟ್ಟಿತು. ತಾರಾಬಾಯಿಯ ಕಣ್ಣು ತಾವಾಗಿ ಮುಚ್ಚಿದವು. ತಂಬೂರಿಯ ಮೇಲೆ ಮಾಸ್ತರರ ದನಿ ಏರಿತು, ತಬಲೆ ಸೇರಿತು. ನಿಧಾನದ ಲಯ, ವಿಲಂಬಿತ. ಅದರಲ್ಲಿ ಒಂದು ಸಮ್ಮಿನಿಂದ ಇನ್ನೊಂದಕ್ಕೆ ಬರಲು ಒಂದು ನಿಮಿಷ ಬೇಕು.

"ನಿನ್ನಿ ನನ್ನ ಮಗಳು ಫೋನ್ ಮಾಡಿದ್ಲು ಬಾಯಾರ" ಎಂದು ಬೇಗಂ ಶುರು ಮಾಡಿದಳು.

ತಾರಾಬಾಯಿಯ ಎಡಗೈ ಮೇಲೆದ್ದಿತು.

ಬೇಗಂ ಸುಮ್ಮನಾದಳು. ತಬಲೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟುಕೊಂಡು ಸುತ್ತು ಹಾಕಿತು. ಬೈಪಾಸಿನ ಮೇಲೆ ಎರಡು ಲಾರಿ, ಒಂದು ಬಸ್ಸು ಹೋದವು. ಕೊನೆಗೆ ಸಮ್ ಬಂತು, ಕೈ ಇಳಿಯಿತು.

"ಹಾಂ, ಈಗ ಹೇಳ್ರಿ."

"ಏನ ಹೇಳೂದು ಬಾಯಾರ, ಮುಗೀತು ಅದು." ಬೇಗಂ ಕ್ಯಾಸೆಟ್ಟು ನಿಲ್ಲಿಸಿದಳು. "ಒಂದ ಮಾತ ಕೇಳ್ತೇನಿ, ಬ್ಯಾಸರಾಗಬ್ಯಾಡ್ರಿ. ನನ್ನ ಮಗಳು ದವಾಖಾನ್ಯಾಗ ಅದಾಳ ಅಂತ ಹೇಳೂವಾಕಿ ಇದ್ದೆ ಅಂದ್ರ?"

"ಅಯ್ಯೋ, ಏನಾಗೇದ್ರಿ ಅಕಿಗೆ?"

"ಏನೂ ಆಗಿಲ್ಲ, ಆರಾಮ ಅದಾಳ. ಆದ್ರ ನೀವು ಕೈ ಎತ್ತಿದಾಗ ಅದು ನಿಮಗ ಗೊತ್ತಿತ್ತೇನು?"

ತಾರಾಬಾಯಿ ತನ್ನ ಎಡಗೈಯನ್ನು ನೋಡಿಕೊಂಡಳು. ಅದು ಮಡಿಲಲ್ಲಿ ಅಂಗಾತ ಬಿದ್ದಿತ್ತು.

"ನಿಮ್ಮ ಗಾಡ್ಯಾಗೂ ಹಿಂಗ ಮಾಡ್ತೀರೇನ್ರಿ?"

ತಾರಾಬಾಯಿಗೆ ಒಮ್ಮೆಲೇ ಲಕ್ಷ್ಮೀ ನೆನಪಾದಳು. ಜ್ಯೇಷ್ಠದಲ್ಲಿ ಒಂದು ಮುಂಜಾನೆ ಲಕ್ಷ್ಮೀ ಕಾರು ಹತ್ತಿದಾಗ ಕಣ್ಣು ಉಬ್ಬಿದ್ದವು. ಟೋಲ್ ನಾಕಾ ದಾಟಿದ ಮೇಲೆ, "ನಿನ್ನೆ ಮನ್ಯಾಗ..." ಎಂದಳು. ಆಗ ಮಧ್ಯಲಯದ ಒಂದು ಬಂದಿಶ್, ತುಸು ಚುರುಕಿನ ಹಾಡು, ನಡೆದಿತ್ತು. ಕೈ ಎದ್ದಿತು, ಇಳಿಯಿತು. ಹಾಂ ಈಗ ಹೇಳ್ರಿ ಎಂದದ್ದೂ ನೆನಪಿತ್ತು. "ಏನಿಲ್ಲ ಬಿಡ್ರಿ ಬಾಯಾರ" ಎಂದು ಲಕ್ಷ್ಮೀ ಕಿಟಕಿಯ ಕಡೆ ತಿರುಗಿದ್ದಳು. ನಾಲ್ಕು ತಿಂಗಳಾಯಿತು. ಅವಳ ಮನೆಯಲ್ಲಿ ಆ ನಿನ್ನೆ ಏನಾಯಿತೆಂದು ತಾರಾಬಾಯಿಗೆ ಇವತ್ತಿಗೂ ಗೊತ್ತಿಲ್ಲ. ಕೇಳಬೇಕೆಂದೂ ಹೊಳೆದಿರಲಿಲ್ಲ.

"ನಮ್ಮ ಅಪ್ಪಾರು ಹಂಗ ಮಾಡ್ತಿದ್ರು" ಎಂದಳು. ಅದು ಉತ್ತರವಲ್ಲವೆಂದು ಅವಳಿಗೂ ತಿಳಿದಿತ್ತು.

ಬೇಗಂ ಚಹಾ ತರಿಸಿದಳು. ಒಂದು ಲೋಟ ಲಾರಿಯ ಕೆಳಗೂ ಹೋಯಿತು. ಲೋಟ ಕೆಳಗಿಟ್ಟು ತಾರಾಬಾಯಿ ಕೇಳಿದಳು.

"ಹಾಡೂ ಇರಬೇಕು, ಮಾತೂ ಕೇಳಬೇಕು. ಅಂಥಾದ್ದು ಯಾವುದರೆ ಅದ ಏನ್ರಿ?"

"ಸಣ್ಣದ ಒಯ್ಯರಿ. ಇದರ ಆಂಪ್ಲಿಫೈಯರಿಗೆ ಒಂದು ಗುಂಡಿ ಬರ್ತೈತಿ, ಉದ್ದನ್ನ ವೈರಿಂದು. ಡಿಕ್ಕ್ಯಾಗಿನ ದನಿ ಏರ್ಸಾಕ ಇಳಸಾಕ. ಅದನ್ನ ಎಲ್ಲಾರೂ ಸ್ಟೇರಿಂಗ್ ಕಡೆ ಹಾಕಸ್ತಾರ. ನೀವು ಎಡಕ್ಕ ಹಾಕಸ್ರಿ, ಕುಂತವರ ಕೈಯಾಗ ಇರಲಿ. ಅವರಿಗೆ ಬೇಕಾದ್ರ ಏರಸ್ಲಿ, ಮಾತಾಡೂದಿದ್ರ ಇಳಸ್ಲಿ. ನೀವು ಗೇರ್ ಹಿಡೀರಿ."

ಹಾಗೆಯೇ ಆಯಿತು. ಪಾದಗಳ ಒಡೆಯ ಹೊರಗೆ ಬಂದು, ಒಂದೂ ಮಾತಿಲ್ಲದೆ ಮಧ್ಯಾಹ್ನವೆಲ್ಲ ಮಾರುತಿಯ ಬಾನೆಟ್ಟಿನಿಂದ ಡಿಕ್ಕಿಯ ತನಕ ದಪ್ಪ ಕೆಂಪು ವೈರು ಎಳೆದ. ಬೇಗಂ ಪೆಟ್ಟಿಗೆಗೆ ಉಳಿದ ಕೆಂಪು ರೆಕ್ಸಿನ್ನಿನಿಂದ ಒಂದು ಅಂಗಿ ಹೊಲಿದು ತೊಡಿಸಿದಳು, ಅದಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ಚನ್ನಬಸವ್ವ ಆ ವಾರ ರಜೆ ಹಾಕಿದ್ದಳು. ಸೋಮವಾರ ಟಿಫಿನ್ ಹೊತ್ತಿಗೆ ತಾರಾಬಾಯಿ ಲಕ್ಷ್ಮೀ, ಚಿನ್ಮಯೀ ಕೂತಿದ್ದ ಟೇಬಲ್ಲಿಗೆ ಹೋದಳು.

"ನನ್ನ ಗಾಡಿಗೂ ಹಾಡು ಹಾಕಿಸೀನಿ. ಸಬ್‌ವೂಫರ್. ನಾಳೆ ಬರ್ರಲ್ಲ, ಕೇಳಿ ನೋಡ್ರಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೀವು ಸಬ್‌ವೂಫರ್ ಹಾಕಿಸೀರಿ?" ಎಂದು ಚಿನ್ಮಯೀ ನಕ್ಕಳು, ಚೆಂದಾಗಿಯೇ ನಕ್ಕಳು. "ಬರ್ತೀವ್ರಿ ಮೇಡಂ. ನಾಳೆ ಖರೇನ ಬರ್ತೀವಿ."

ಮಂಗಳವಾರ ಬಂದರು. ಲಕ್ಷ್ಮೀ ಹಿಂದೆ ಕೂತಳು, ಚಿನ್ಮಯೀ ಮುಂದೆ. ತಾರಾಬಾಯಿ ಗುಂಡಿ ತೋರಿಸಿದಳು. ತಾನೇ ದುರ್ಗದಬೈಲಿಗೆ ಹೋಗಿ ತಂದಿದ್ದ ಹೊಸ ಸಿನೆಮಾ ಕ್ಯಾಸೆಟ್ಟು ಕೊಟ್ಟಳು. ಚಿನ್ಮಯೀ ಹಚ್ಚಿ ಗುಂಡಿ ತಿರುವಿದಳು. ಬೆನ್ನಿಗೆ ದಪ್ಪ ದನಿ ಬಂದು ಒರಗಿತು, ಗಾಜು ನಡುಗಲಿಲ್ಲ.

"ಮಸ್ತ್ ಅದ ರೀ ಮೇಡಂ. ತಲಿಶೂಲಿ ಬರೂವಂಥಾದ್ದಲ್ಲ."

ಹಾಡುವವನು ಮೇಲಿನ ಷಡ್ಜಕ್ಕೆ ಏರುವಾಗ ಒಂದು ಕೂದಲೆಳೆ ಕೆಳಗೆ ಉಳಿದ. ತಾರಾಬಾಯಿ ನಾಲಗೆ ಕಚ್ಚಿಕೊಂಡಳು. ಗೇರಿನ ಗುಂಡನ್ನು ಬಿಗಿಯಾಗಿ ಹಿಡಿದಳು. ಸತ್ತೂರು ದಾಟಿತು. ಯಾರೂ ಮಾತಾಡಲಿಲ್ಲ. ಒಮ್ಮೆ ಚಿನ್ಮಯೀ ಹಿಂದೆ ತಿರುಗಿ ಲಕ್ಷ್ಮೀಗೆ ಏನೋ ಹೇಳಲು ಬಾಯಿ ತೆರೆದಳು. ತೆರೆದವಳು ಮೊದಲು ತಾರಾಬಾಯಿಯ ಎಡಗೈಯನ್ನು ನೋಡಿದಳು. ನೋಡಿ, ಹಾಡು ಮುಗಿಯಲಿ ಎಂಬಂತೆ ಬಾಯಿ ಮುಚ್ಚಿದಳು. ಅದು ಅವಳಿಗೆ ಗೊತ್ತಾಗಿ ಮಾಡಿದ್ದಲ್ಲ.

"ಹೇಳ್ರಿ, ಹೇಳ್ರಿ, ನಾ ಏನೂ ಅನ್ನೂದಿಲ್ಲ" ಎಂದಳು ತಾರಾಬಾಯಿ.

"ಏನಿಲ್ರಿ ಮೇಡಂ, ಸುಮ್ನ."

ರಾಯಾಪುರದಲ್ಲಿ ತಾರಾಬಾಯಿ ತಾನೇ ಕೈ ಚಾಚಿ ಕ್ಯಾಸೆಟ್ಟು ನಿಲ್ಲಿಸಿದಳು. ಆಗಂತೂ ಇಬ್ಬರೂ ಪರೀಕ್ಷೆಯ ಹಾಲಿನಲ್ಲಿ ಕೂತವರಂತೆ ನೆಟ್ಟಗಾದರು. ಕನ್ನಡಿಯಲ್ಲಿ ನೋಡುತ್ತ ತಾರಾಬಾಯಿ ಕೇಳಿದಳು.

"ಲಕ್ಷ್ಮೀ, ಜ್ಯೇಷ್ಠದಾಗ ಒಂದು ದಿನ ನೀವು ಏನೋ ಹೇಳ್ಲಿಕ್ಕೆ ಹತ್ತಿದ್ರಿ. ನಿನ್ನೆ ಮನ್ಯಾಗ ಅಂತ. ಏನಾಗಿತ್ತು?"

ಲಕ್ಷ್ಮೀ ನೆನಪು ಮಾಡಿಕೊಂಡಳು, ಅಥವಾ ಹಾಗೆ ತೋರಿಸಿದಳು. "ಅಯ್ಯ, ಯಾವಾಗಿಂದರಿ ಬಾಯಾರ. ಅದೆಲ್ಲಾ ಆಗಿ ಹೋತು ಬಿಡ್ರಿ."

ಕಚೇರಿಯ ಮುಂದೆ ಇಳಿಯುವಾಗ ಚಿನ್ಮಯೀ ಬಾಗಿಲು ಮೆಲ್ಲಗೆ ಹಾಕಿದಳು. "ಥ್ಯಾಂಕ್ಸ್ ರೀ ಮೇಡಂ. ರೋಹಿತ ಸರ್ ಗಾಡಿ ಸರ್ವಿಸಿಂಗಿಗೆ ಹೋಗಿತ್ತು, ಇವತ್ತ ಹೆಂಗ ಬರೂದು ಅಂತ ವಿಚಾರ ಇತ್ತು. ನೀವು ಕರದದ್ದು ಛಲೋ ಆತು. ಸಂಜೀಕ ಅವರ ಗಾಡಿ ಬರ್ತದ."

ತಾರಾಬಾಯಿ ಇಂಜಿನ್ನು ಬಂದ್ ಮಾಡಿದಳು. ಆಮೇಲೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದಳು.

ಮುಂದೆ ಎರಡು ವಾರ ಕಾರಿನಲ್ಲಿ ಅವಳೊಬ್ಬಳೇ. ಎಂಟಿಂಚಿನ ಪೆಟ್ಟಿಗೆಯಲ್ಲಿ ತಂಬೂರಿ ಚೆನ್ನಾಗಿ ನುಡಿಯುತ್ತಿತ್ತು. ಅಷ್ಟು ಚೆನ್ನಾಗಿ ಅವಳು ಅದನ್ನು ಮನೆಯಲ್ಲಿಯೂ ಕೇಳಿರಲಿಲ್ಲ. ಆದರೆ ನವನಗರಕ್ಕೆ ಬರುವ ಹೊತ್ತಿಗೆ ಅವಳೇ ಅದನ್ನು ನಿಲ್ಲಿಸಿಬಿಡುತ್ತಿದ್ದಳು. ಯಾರೂ ನಡುವೆ ಮಾತಾಡದೆ ಇದ್ದಾಗ ಸಮ್ ಬಂದರೂ ಬಂದ ಹಾಗೆ ಅನಿಸುತ್ತಿರಲಿಲ್ಲ.

ಕಾರ್ತಿಕದ ಒಂದು ಮುಂಜಾನೆ ಧಾರವಾಡ ಬಸ್ ಸ್ಟ್ಯಾಂಡಿನ ಮುಂದೆ ಗದ್ದಲದಲ್ಲಿ ಚನ್ನಬಸವ್ವ ನಿಂತಿದ್ದಳು. ತಾರಾಬಾಯಿ ಬದಿಗೆ ಹಾಕಿ ಬಾಗಿಲು ತೆಗೆದಳು. ಚನ್ನಬಸವ್ವ ಹಿಂದೆ ಮುಂದೆ ನೋಡಿ, ಚೀಲ ಎದೆಗೆ ಅವುಚಿಕೊಂಡು ಹತ್ತಿದಳು.

"ಯಾಕ, ಸಾಹೇಬರ ಗಾಡಿ ತಪ್ಪಿಸಿಕೊಂಡ್ಯಾ?"

"ಅವರ ಹೆಂಡತೀಗೆ ಹುಬ್ಬಳ್ಳ್ಯಾಗ ಕೆಲಸ ಸಿಕ್ಕೈತ್ರಿ. ಮುಂದ ಆ ಬಾಯಿ ಕುಂದರ್ತಾರ, ಹಿಂದ ಹುಡುಗ್ಯಾರು, ಅವರ ಕಂಪ್ಯೂಟರ್ ಚೀಲ. ನನಗ ಜಾಗ ಎಲ್ಲೈತ್ರಿ? ಸಾಹೇಬ್ರೇನೂ ಅನ್ನಲಿಲ್ಲ, ನನಗ ತಿಳೀಲಿಲ್ಲೇನು?" ಚನ್ನಬಸವ್ವ ಸೀಟಿಗೆ ಒರಗಿದಳು. "ಒಂದ ವಾರ ಆತು, ಬಸ್ಸಿನ್ಯಾಗ ನಿಂತ ಬರಾಕತ್ತೇನಿ."

"ನನಗ ಹೇಳಬಾರದಿತ್ತ?"

"ಯಾವ ಮಾರಿ ಇಟಗೊಂಡು ಹೇಳ್ಲಿರಿ?"

ಟೋಲ್ ನಾಕಾ ಬಂತು, ಹೋಯಿತು. ಚನ್ನಬಸವ್ವ ಗುಂಡಿಯನ್ನು ನೋಡಿದಳು, ಮುಟ್ಟಲಿಲ್ಲ. ತಾರಾಬಾಯಿ ಅವಳು ಏನಾದರೂ ಹೇಳಲಿ ಎಂದು ಕಾದಳು. ಚನ್ನಬಸವ್ವ ಮಾತಿನ ಮಲ್ಲಿ. ಆದರೆ ಇವತ್ತು ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು, ಮುಂಜಾನೆ ನಾಲ್ಕಕ್ಕೆ ಎದ್ದು ನೀರು ಹಿಡಿದು ಬಂದವಳು. ಅವಳಿಗೆ ಮಾತು ಬೇಕಾಗಿರಲಿಲ್ಲ, ಕೂಡಲು ಒಂದು ಸೀಟು ಬೇಕಾಗಿತ್ತು.

ಹಾಗಾದರೆ ತಾನೇ ಹೇಳಬೇಕು. ಆದರೆ ಏನು ಹೇಳುವುದು? ಐವತ್ತೇಳು ವರ್ಷ ಅವಳು ಕೇಳಿದವಳು. ಕೈ ಎತ್ತಿ ಇಳಿಸಿ ಕೇಳಿದ್ದೇ ಹೊರತು ಒಂದು ಸಂಗತಿಯನ್ನು ಮೊದಲಿನಿಂದ ಕೊನೆಯ ತನಕ ಯಾರಿಗೂ ಹೇಳಿದವಳಲ್ಲ.

"ಗಬ್ಬೂರದಾಗ ಒಬ್ಬಾಕಿ ಬೇಗಂ ಅದಾಳ, ಚನ್ನಬಸವ್ವ" ಎಂದಳು. "ಲಾರಿಗೆ ಸೀಟು ಹೊಲೀತಾಳ. ಅಕಿ ಗಂಡ ಅದಾನ, ಅವನ ಕಾಲಷ್ಟ ಕಾಣ್ತಾವ."

"ಕಾಲಷ್ಟ?" ಚನ್ನಬಸವ್ವನ ತುಟಿ ಅಲ್ಲಾಡಿತು.

"ಗಾಡಿ ಬುಡಕನ ಇರ್ತಾನ. ಹೆಂಡತಿ ಮಾತಿಗೆ ಅಂಜಿ. ನಾ ಸಬ್‌ವೂಫರ್ ಬೇಕಂದ ಕೂಡ್ಲೆ ಕಾಲು ಹಿಂಗ ಅಲ್ಲಾಡಿದ್ವು ನೋಡು."

ಅಷ್ಟು ಹೇಳುವಷ್ಟರಲ್ಲಿ ದಾರಿ ಸರಾಗವಾಯಿತು. ಅವಳು ದುರ್ಗದಬೈಲಿನ ಸಾವಿರ ವ್ಯಾಟಿನವನ ಮಾತಿಗೆ ಹಿಂದೆ ಹೋದಳು, ಇಸ್ತ್ರಿ ಪೆಟ್ಟಿಗೆಯ ಮಾತು ಹೇಳಿದಳು, ಅಲ್ಲಿಂದ ಮತ್ತೆ ಗಬ್ಬೂರಿಗೆ ಬಂದಳು. ಎರಡು ಎತ್ತು ಒಂದು ನೊಗ ಎಂದಳು. ಚನ್ನಬಸವ್ವ ಎರಡು ಸಲ ಹೂಂ ಎಂದಳು. ರಾಯಾಪುರದ ಹತ್ತಿರ ಮೂರನೆಯ ಹೂಂ ಬರಲು ತಡವಾಯಿತು, ಬರಲೇ ಇಲ್ಲ. ತಾರಾಬಾಯಿ ಓರೆಗಣ್ಣಿನಿಂದ ನೋಡಿದಳು. ಚನ್ನಬಸವ್ವನ ತಲೆ ಕಿಟಕಿಯ ಗಾಜಿಗೆ ಒರಗಿತ್ತು, ಬಾಯಿ ಅರೆ ತೆರೆದಿತ್ತು, ಚೀಲ ಮಡಿಲಲ್ಲಿ ಜಾರಿತ್ತು.

ತಾರಾಬಾಯಿ ಗಾಡಿಯನ್ನು ಎಡಕ್ಕೆ ತಂದು ನಿಧಾನ ಮಾಡಿದಳು. ತಗ್ಗು ಬಂದಲ್ಲಿ ಸುತ್ತು ಹಾಕಿ ದಾಟಿಸಿದಳು. ಹಿಂದಿನ ಬಸ್ಸು ಹಾರ್ನ್ ಬಾರಿಸಿ ಮುಂದೆ ಹೋಯಿತು.

"ಆಮ್ಯಾಲ ಅಕಿ ನನಗ ಕೇಳಿದ್ಲು" ಎಂದಳು ಮೆಲ್ಲನೆಯ ದನಿಯಲ್ಲಿ, "ನಿಮ್ಮ ಗಾಡ್ಯಾಗೂ ಹಿಂಗ ಮಾಡ್ತೀರೇನ್ರಿ ಅಂತ. ನಾ ಏನು ಹೇಳ್ಬೇಕು ಚನ್ನಬಸವ್ವ? ನಮ್ಮ ಅಪ್ಪಾರು ಹಂಗ ಮಾಡ್ತಿದ್ರು ಅಂದೆ. ಚಹಾ ತರಿಸಿದ್ಲು. ಛಲೋ ಚಹಾ, ಯಾಲಕ್ಕಿ ಹಾಕಿದ್ದು."

ನವನಗರ ಬಂತು. ಅವಳು ಹೇಳುತ್ತಲೇ ಇದ್ದಳು.